ಸಸಿ ಎಣಿಸಿದೆ, ಕೊಳ್ಳುವವರು ಯಾರೆಂದು ಕೇಳಲಿಲ್ಲ

ಶಿವರಾತ್ರಿ ಕಳೆದು ಮೂರನೇ ದಿನ ದೊಡ್ಡಪ್ಪ ಫೋನ್ ಮಾಡಿದರು.

"ಲೋ, ಮರ ಕುಯ್ಯೋನು ಬಂದವ್ನೆ. ಬದುವಿನ ಹೊಂಗೆ ಎಲ್ಲಾ ಸೇರ್ಸಿ ರೇಟ್ ಹೇಳ್ತಾವ್ನೆ. ಒಂದ್ಸಲ ಬಂದು ನೋಡ್ಕಂಡ್ ಹೋಗು."

"ಯಾಕ್ ದೊಡ್ಡಪ್ಪ, ಕಡಿಸ್ತೀರಾ?"

"ನಿನ್ ತಮ್ಮ ಕಡಿಸ್ತೀನಿ ಅಂತವ್ನೆ. ನೆಡ್ಸಿದ್ದು ನೀನಲ್ವಾ, ಅದ್ಕೇ ನಿಂಗೊಂದ್ ಮಾತು ಹೇಳ್ದೆ."

ನೆಡಿಸಿದ್ದು ನೀನಲ್ವಾ ಅನ್ನೋ ಆ ಮಾತು ನೇರ ಎದೆಗೆ ಬಡಿಯಿತು. ಯಾಕೆಂದರೆ ಅದು ನಿಜ.

ನಾನು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಊರಿಗೆ ಬಂದಿದ್ದು 2011ರಲ್ಲಿ. ಅರಸೀಕೆರೆ ಕಡೆಯ ಸುದ್ದಿ ಕಳಿಸುವ ಕೆಲಸ ಸಿಕ್ಕಿತು. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಆ ವರ್ಷದ ಆಗಸ್ಟ್ 10, ವಿಶ್ವ ಜೈವಿಕ ಇಂಧನ ದಿನ. ಒಂದು ಕಾರ್ಯಕ್ರಮಕ್ಕೆ ಹೋಗಿ ಬಂದು ಹೊಂಗೆ ಬೀಜದಿಂದ ಡೀಸೆಲ್ ಮಾಡುವ ಬಗ್ಗೆ ಬರೆದೆ. ಒಂದು ಮರಕ್ಕೆ ಇಷ್ಟು ಬೀಜ, ಇಷ್ಟು ಬೀಜಕ್ಕೆ ಇಷ್ಟು ಎಣ್ಣೆ, ನೂರು ಮರ ಇದ್ದರೆ ವರ್ಷಕ್ಕೆ ಇಷ್ಟು ದುಡ್ಡು. ಲೆಕ್ಕ ಚೆನ್ನಾಗಿ ಕೂಡಿತ್ತು. ಹೆಸರು ಹಾಕಿ ಅಚ್ಚಾದ ನನ್ನ ಮೊದಲ ಲೇಖನ ಅದು. ದೊಡ್ಡಪ್ಪ ಅದನ್ನು ಕತ್ತರಿಸಿ, ಮನೆ ನಡುಮನೆಯಲ್ಲಿ ದೇವರ ಫೋಟೋ ಪಕ್ಕ ಅಂಟಿಸಿದರು. ಆಮೇಲೆ ಐವತ್ತು ಸಸಿ ತಂದು ಹೊಲದ ಸುತ್ತ ಬದುವಿನ ಮೇಲೆ ನೆಟ್ಟರು. ಮೂವತ್ತೊಂದು ಉಳಿದವು.

ಆಗ ಬರೆದದ್ದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹೊಂಗೆ ನಿಜವಾಗಿಯೂ ಒಳ್ಳೆಯ ಮರ. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ದನ ಬಾಯಿ ಹಾಕಲ್ಲ. ಅದರ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತೆ. ನಮ್ಮ ಅಜ್ಜಿ ಕಾಲದಲ್ಲಿ ದೀಪಕ್ಕೆ ಅದರ ಎಣ್ಣೆ, ಗದ್ದೆಗೆ ಅದರ ಸೊಪ್ಪು. ಆ ಎಣ್ಣೆ ಕಹಿ, ತಿನ್ನೋಕೆ ಬರಲ್ಲ. ಆದ್ದರಿಂದ ಅದನ್ನು ಗಾಡಿಗೆ ಹಾಕಿದರೆ ಯಾರ ತಟ್ಟೆಯಿಂದಲೂ ಕಿತ್ತುಕೊಂಡ ಹಾಗಾಗಲ್ಲ. ಬದುವಿನ ಮೇಲೆ ಬೆಳೆಯುವ ಮರ, ಆದ್ದರಿಂದ ಬೆಳೆಯ ಜಾಗವೂ ಹೋಗಲ್ಲ.

ಅದರಿಂದ ಎಂಜಿನ್ ಓಡುತ್ತೆ ಅನ್ನೋದೂ ಸುಳ್ಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ ಹಳ್ಳಿಗೆ ನೀರು ಎತ್ತಬಹುದು ಅಂತ ತೋರಿಸಿದ್ದರು. 2000ದ ಆಸುಪಾಸಿನಲ್ಲಿ ದಾಂಡೇಲಿಯ ಒಂದು ಕಾರ್ಖಾನೆ ತನ್ನ ಡೀಸೆಲ್ ಜನರೇಟರ್‌ಗಳನ್ನು ಇದೇ ಎಣ್ಣೆಗೆ ಬದಲಾಯಿಸಿತ್ತು. 2009ರಲ್ಲಿ ನಮ್ಮ ರಾಜ್ಯ ಜೈವಿಕ ಇಂಧನ ನೀತಿ ತಂದಿತು. ವೈ.ಬಿ. ರಾಮಕೃಷ್ಣ ಅವರ ಮುಂದಾಳತ್ವದಲ್ಲಿ ಅದಕ್ಕೆ ಕಾರ್ಯಪಡೆ, ಆಮೇಲೆ ಮಂಡಳಿ ಬಂತು. 'ಹಸಿರು ಹೊನ್ನು', 'ಬರಡು ಬಂಗಾರ' ಅಂತ ಯೋಜನೆಗಳು ಬಂದವು. ನಮ್ಮ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ. ಹೊಂಗೆ, ಬೇವು, ಹಿಪ್ಪೆ, ಸೀಮಾರೂಬ ಎಲ್ಲವನ್ನೂ ಬೆರೆಸಿ ಬೆಳೆಯಿರಿ, ಒಂದರ ಫಸಲು ಮುಗಿಯುವ ಹೊತ್ತಿಗೆ ಇನ್ನೊಂದರದು ಬರುತ್ತೆ ಅನ್ನೋದು ಅಲ್ಲಿಯವರ ಸಲಹೆ. ಹಳ್ಳಿಗೊಂದು ಬೆಳೆಗಾರರ ಸಂಘ ಇರಲಿ, ಹಾಲಿನ ಡೇರಿ ಥರ ಬೀಜ ಅಲ್ಲಿಗೆ ಬರಲಿ ಅನ್ನೋದು ಆಗಿನ ಕನಸು.

ಡೇರಿ ಅಂದರೆ ನಮಗೆಲ್ಲ ಗೊತ್ತು. ಬೆಳಿಗ್ಗೆ ಕ್ಯಾನ್ ಹಿಡಿದು ಹೋಗ್ತೀವಿ. ಅಳೀತಾರೆ, ಫ್ಯಾಟ್ ನೋಡ್ತಾರೆ, ಚೀಟಿ ಕೊಡ್ತಾರೆ. ಚೀಟಿ ಮೇಲೆ ರೇಟ್ ಇರುತ್ತೆ. ಬಟವಾಡೆ ದಿನ ದುಡ್ಡು ಬರುತ್ತೆ. ಹಬ್ಬ ಇರಲಿ, ಮಳೆ ಇರಲಿ, ಹಾಲಿನ ಗಾಡಿ ಬಂದೇ ಬರುತ್ತೆ. ಆ ಗಾಡಿ ಮೂರು ದಿನ ಬರಲಿಲ್ಲ ಅಂದರೆ ನಾಲ್ಕನೇ ದಿನ ಊರಲ್ಲಿ ಹಸು ಕಟ್ಟೋರು ಇರಲ್ಲ.

ನಮ್ಮೂರಲ್ಲೂ ಹೊಂಗೆಗೆ ಒಂದು ಸಂಘ ಮಾಡಿಕೊಂಡೆವು. ಒಂದು ರಿಜಿಸ್ಟರ್ ಪುಸ್ತಕ, ಒಂದು ಸೀಲು, ಇಪ್ಪತ್ತಮೂರು ಸದಸ್ಯರು. ಮೀಟಿಂಗ್ ಮೂರು ಸಲ ನಡೆಯಿತು. ಮೂರು ಸಲವೂ ಸಸಿ ಎಷ್ಟು ನೆಟ್ಟಿರಿ ಅನ್ನೋದೇ ಮಾತು. ನಾನೂ ಅದನ್ನೇ ಸುದ್ದಿ ಮಾಡಿದೆ. ಸಸಿ ಎಣಿಸೋದು ಸುಲಭ, ಫೋಟೋಗೂ ಚೆನ್ನಾಗಿರುತ್ತೆ.

ಮರ ಕಾಯಿ ಬಿಡೋಕೆ ಐದಾರು ವರ್ಷ ಬೇಕು. ಅಷ್ಟು ಹೊತ್ತಿಗೆ ರಿಜಿಸ್ಟರ್ ಎಲ್ಲಿದೆ ಅನ್ನೋದೇ ಯಾರಿಗೂ ನೆನಪಿರಲಿಲ್ಲ.

ಮೊದಲ ಫಸಲು ಬಂದ ವರ್ಷ ದೊಡ್ಡಮ್ಮ ಕಾಯಿ ಆರಿಸಿ, ಅಂಗಳದಲ್ಲಿ ಒಣಗಿಸಿ, ದೊಣ್ಣೆಯಲ್ಲಿ ಬಡಿದು ಬೀಜ ಬಿಡಿಸಿದರು. ಕೂತು ಕೂತು ಸೊಂಟ ಹಿಡಿದುಕೊಂಡಿತು. ಎರಡು ಚೀಲ ಆಯಿತು. ಯಾರಿಗೆ ಕೊಡೋದು? ಸಂತೆಗೆ ಬರುವ ವ್ಯಾಪಾರಿ ಒಬ್ಬ ಇದ್ದ. ಅವನು ಹೇಳಿದ್ದೇ ರೇಟು, ಅವನ ತಕ್ಕಡಿಯೇ ತೂಕ. ಪಕ್ಕದ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಟೆಂಡರ್ ಆಗುತ್ತೆ, ಆ ದಿನದ ಬೆಲೆ ಸಂಜೆಯೊಳಗೆ ನಮ್ಮೆಲ್ಲರ ಫೋನಿಗೆ ಬರುತ್ತೆ. ಹೊಂಗೆ ಬೀಜಕ್ಕೆ ಅಂಥ ಬೋರ್ಡು ನಮ್ಮ ಕಡೆ ನಾನು ನೋಡಿಲ್ಲ. ದೊಡ್ಡಮ್ಮ ಎರಡು ವರ್ಷ ಕೊಟ್ಟರು, ಮೂರನೇ ವರ್ಷ ಬಿಟ್ಟರು. "ಕೂಲಿಗ್ ಹೋದ್ರೆ ಇದರ ಮೂರರಷ್ಟ್ ಬತ್ತದೆ ಕಣಪ್ಪ," ಅಂದರು.

ದೇಶದ ಲೆಕ್ಕದಲ್ಲೂ ಕಥೆ ಹೀಗೇ ಇದೆ. 2009ರ ರಾಷ್ಟ್ರೀಯ ನೀತಿ 2017ರೊಳಗೆ ಡೀಸೆಲ್‌ಗೆ ಶೇ 20ರಷ್ಟು ಜೈವಿಕ ಡೀಸೆಲ್ ಬೆರೆಸಬೇಕು ಅಂದಿತ್ತು. 2018ರ ಹೊಸ ನೀತಿ ಅದನ್ನು 2030ಕ್ಕೆ ಶೇ 5ಕ್ಕೆ ಇಳಿಸಿತು. ಇವತ್ತಿಗೂ ಬೆರೆಯುತ್ತಿರುವುದು ಶೇ 1ಕ್ಕಿಂತ ಕಡಿಮೆ. ಅದರಲ್ಲೂ ದೊಡ್ಡ ಪಾಲು ಹೋಟೆಲುಗಳ ಕರಿದ ಎಣ್ಣೆ, ಹೊರದೇಶದಿಂದ ಬರುವ ತಾಳೆ ಎಣ್ಣೆಯ ಉಳಿಕೆ. ನಮ್ಮ ಬದುವಿನ ಹೊಂಗೆ ಆ ಟ್ಯಾಂಕಿನ ಹತ್ತಿರಕ್ಕೂ ಹೋಗಲಿಲ್ಲ.

ಇನ್ನೊಂದು ಕಡೆ ಎಥೆನಾಲ್ ನೋಡಿ. 2013-14ರಲ್ಲಿ ಪೆಟ್ರೋಲಿನಲ್ಲಿ ಬೆರೆಯುತ್ತಿದ್ದದ್ದು ಶೇ 1.5ರಷ್ಟು. 2022ಕ್ಕೆ ಶೇ 10. 2025ಕ್ಕೆ ಶೇ 20. ನಿಮ್ಮ ಬೈಕಿನ ಟ್ಯಾಂಕಿನಲ್ಲಿ ಈಗ ಐದು ಲೀಟರ್ ಪೆಟ್ರೋಲ್ ಇದ್ದರೆ ಅದರಲ್ಲಿ ಒಂದು ಲೀಟರ್ ಕಬ್ಬು, ಜೋಳ, ಅಕ್ಕಿಯಿಂದ ಬಂದದ್ದು. ಇದು ಗೆದ್ದಿತು, ಹೊಂಗೆ ಸೋತಿತು. ಯಾಕೆ? ಹೊಂಗೆಯಲ್ಲಿ ಎಣ್ಣೆ ಕಡಿಮೆ ಅಂತಲ್ಲ. ಎಥೆನಾಲಿಗೆ ಕೊಳ್ಳುವವರು ಯಾರು ಅನ್ನೋದು ಮೊದಲೇ ಗೊತ್ತಿತ್ತು. ತೈಲ ಕಂಪನಿಗಳು ಕೊಳ್ಳುತ್ತವೆ, ವರ್ಷಕ್ಕೆ ಎಷ್ಟು ಅಂತ ಹೇಳುತ್ತವೆ, ಲೀಟರಿಗೆ ಬೆಲೆ ಇಷ್ಟು ಅಂತ ಮೊದಲೇ ಗೊತ್ತಿರುತ್ತೆ. ಟ್ಯಾಂಕರ್ ಬರುತ್ತೆ. ಅದು ಡೇರಿ ಗಾಡಿ ಥರ.

ನನ್ನ ತಮ್ಮ, ಅಂದರೆ ದೊಡ್ಡಪ್ಪನ ಮಗ, ಹೇಳಿದ್ದೂ ಇದನ್ನೇ. ಅವನ ವಾದ ನಾನು ಊರಿಗೆ ಹೋದ ದಿನ ಹೊಲದಲ್ಲೇ ನಡೆಯಿತು.

"ಅಣ್ಣ, ಈ ಮರದ ನೆರಳಿಗೆ ಬದುವಿನ ಪಕ್ಕ ಎರಡು ಸಾಲು ಜೋಳ ಏಳಲ್ಲ. ಮೂವತ್ತೊಂದು ಮರ ಅಂದ್ರೆ ಎಷ್ಟಾಯ್ತು ನೋಡು. ಎಥೆನಾಲ್ ಫ್ಯಾಕ್ಟರಿಗೆ ಜೋಳ ಬೇಕು ಅಂತ ನೀನೇ ಹೋದ್ ವರ್ಷ ಬರ್ದಿದ್ದೆ."

ಬರೆದಿದ್ದೆ. ಅದೂ ನಿಜ.

"ಸರಿ, ಹೋದ ಸಲದ ಜೋಳ ಏನಕ್ಕೆ ಕೊಟ್ಟೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಸಾವಿರದ ಏಳ್ನೂರೈವತ್ತು."

2025-26ಕ್ಕೆ ಮುಸುಕಿನ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅವನಿಗೆ ಸಿಕ್ಕಿದ್ದು ಅದಕ್ಕಿಂತ 650 ಕಡಿಮೆ.

ಅಲ್ಲೇ ಬದುವಿನ ಮೇಲೆ ಕೂತು ಫೋನಿನಲ್ಲಿ ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ. ಒಂದು ಟನ್ ಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತೆ. ಅಂದರೆ ಕ್ವಿಂಟಲಿಗೆ 38 ಲೀಟರ್. ಜೋಳದ ಎಥೆನಾಲಿಗೆ 2024-25ರಲ್ಲಿ ಲೀಟರಿಗೆ 71 ರೂಪಾಯಿ 86 ಪೈಸೆ. ಗುಣಿಸಿದರೆ 2,730 ರೂಪಾಯಿ. ಉಳಿದ ಚರಟ ದನದ, ಕೋಳಿಯ ಮೇವಾಗಿ ಮಾರಾಟವಾಗುತ್ತೆ, ಅದರ ದುಡ್ಡು ಬೇರೆ. ಫ್ಯಾಕ್ಟರಿಗೆ ಕಲ್ಲಿದ್ದಲು, ಕರೆಂಟು, ಸಂಬಳ, ಬ್ಯಾಂಕಿನ ಬಡ್ಡಿ ಎಲ್ಲ ಖರ್ಚಿದೆ, ಇಲ್ಲ ಅಂತಲ್ಲ. ಆದರೆ ಅವರಿಗೆ ಬರುವ ಬೆಲೆ ವರ್ಷದ ಮೊದಲೇ ಗೊತ್ತು. ನನ್ನ ತಮ್ಮನಿಗೆ ಗಾಡಿ ತುಂಬಿಸಿ ಮಂಡಿಗೆ ಹೋಗುವ ತನಕ ಗೊತ್ತಿಲ್ಲ.

ಬೆಲೆಯನ್ನು ಲೀಟರಿಗೆ ಕಟ್ಟಿದ್ದಾರೆ, ಕ್ವಿಂಟಲಿಗೆ ಕಟ್ಟಿಲ್ಲ. ಬೆಂಬಲ ಬೆಲೆ ಅಂತ ಘೋಷಣೆ ಇದೆ, ಆದರೆ ಖಾಸಗಿಯವರು ಅದೇ ಬೆಲೆಗೆ ಕೊಳ್ಳಬೇಕು ಅನ್ನೋ ಕಾನೂನು ಇಲ್ಲ. ಕಬ್ಬಿನವರಿಗೆ ಎಫ್‌ಆರ್‌ಪಿ ಅಂತ ಕಾನೂನಿನ ಬೆಲೆಯಾದರೂ ಇದೆ. ಅದಿದ್ದರೂ 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಕೇಳಿ ರಸ್ತೆಯಲ್ಲಿ ಕೂರಬೇಕಾಯಿತು, 3,300ಕ್ಕೆ ಎದ್ದರು. ಜೋಳದವರಿಗೆ ಕಾನೂನಿನ ಬೆಲೆಯೂ ಇಲ್ಲ.

ಇನ್ನೊಂದು ವಿಷಯ. ಕೊಳ್ಳುವವರು ಇದ್ದರೂ ಆ ಆಟದ ನಿಯಮ ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ ಬದಲಾಗುತ್ತೆ. 2023ರ ಜುಲೈನಲ್ಲಿ ಎಥೆನಾಲ್ ಘಟಕಗಳಿಗೆ ಆಹಾರ ನಿಗಮದ ಅಕ್ಕಿ ಕೊಡೋದು ನಿಂತಿತು. ಆ ವರ್ಷದ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬಾರದು ಅಂತ ಆದೇಶ ಬಂತು. ಎಲ್ಲರೂ ಜೋಳದ ಕಡೆ ತಿರುಗಿದರು, ಜೋಳದ ಬೆಲೆ ಏರಿತು, ಕೋಳಿ ಫಾರಂನವರು ಅತ್ತರು. ನಮ್ಮ ಕಡೆ ರಾಗಿ ಬಿಟ್ಟು ಜೋಳ ಹಾಕಿದವರು ಎಷ್ಟೋ ಜನ. 2024ರ ಆಗಸ್ಟಿನಲ್ಲಿ ಕಬ್ಬಿನ ತಡೆ ತೆಗೆದರು. 2025ರ ಜನವರಿಯಲ್ಲಿ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲಿಗೆ 2,250 ರೂಪಾಯಿಯಂತೆ ಎಥೆನಾಲಿಗೆ ಕೊಡುವುದಾಗಿ ಹೇಳಿದರು. ಅದೇ ಬೆಲೆಗೆ ರಾಜ್ಯಗಳಿಗೂ ಕೊಟ್ಟರು. ಅಕ್ಕಿ ಅಗ್ಗವಾಗಿ ಸಿಗುವಾಗ ಜೋಳಕ್ಕೆ ಯಾರು ಹೆಚ್ಚು ಕೊಡುತ್ತಾರೆ? ಜೊತೆಗೆ ಫಸಲೂ ಚೆನ್ನಾಗಿ ಬಂತು. ಬೆಲೆ ಬಿತ್ತು.

ಈ ಆದೇಶಗಳಲ್ಲಿ ಒಂದೊಂದಕ್ಕೂ ಅದರದೇ ಕಾರಣ ಇರಬಹುದು. ಸಕ್ಕರೆ ಕಡಿಮೆಯಾಗಬಹುದು, ಅಕ್ಕಿ ಗೋದಾಮಿನಲ್ಲಿ ಹೆಚ್ಚಾಗಬಹುದು. ಆದರೆ ಬಿತ್ತನೆ ಬೀಜ ಮಣ್ಣಿಗೆ ಹಾಕಿದವನಿಗೆ ಮಧ್ಯದಲ್ಲಿ ಬೆಳೆ ಬದಲಿಸೋಕೆ ಆಗಲ್ಲ.

ನೀರಿನ ಲೆಕ್ಕವೂ ಇದೆ. ಕಬ್ಬಿನ ಸಕ್ಕರೆಯಿಂದ ಒಂದು ಲೀಟರ್ ಎಥೆನಾಲ್ ಮಾಡೋಕೆ ಕಡಿಮೆ ಅಂದರೂ 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ್ದೇ 2021ರ ವರದಿ ಹೇಳುತ್ತೆ. ಹೆಚ್ಚಿನದು ಬೆಳೆಗೆ ಕುಡಿಸುವ ನೀರು. ನಮ್ಮ ಅರಸೀಕೆರೆಯಲ್ಲಿ ಬೋರ್‌ವೆಲ್ ಕೊರೆಸುವ ಗಾಡಿ ಬಂದರೆ ಊರೇ ಸುತ್ತ ನಿಂತು ತೇವದ ಮಣ್ಣು ಬರುತ್ತಾ ಅಂತ ನೋಡುತ್ತೆ. ಅಂಥ ಊರಲ್ಲಿ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊಂಗೆಗೆ ಮಳೆ ನೀರೇ ಸಾಕು.

ಹೊಸ ಫ್ಯಾಕ್ಟರಿ ಬಂದಾಗ ಊರಿನವರನ್ನು ಕೇಳುತ್ತಾರಾ? ದೊಡ್ಡ ಕಾರ್ಖಾನೆಗಳಿಗೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. 2021ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅದಕ್ಕೆ ತಿದ್ದುಪಡಿ ತಂದಿತು. ಪೆಟ್ರೋಲಿಗೆ ಬೆರೆಸಲೆಂದೇ ಎಥೆನಾಲ್ ಮಾಡುವ ಘಟಕಗಳನ್ನು ಬಿ2 ಅನ್ನೋ ವರ್ಗದಲ್ಲಿ ನೋಡಲು ದಾರಿ ಮಾಡಿತು. ಬಿ2ಗೆ ಅಹವಾಲು ಸಭೆ ಬೇಕಿಲ್ಲ. ಎಥೆನಾಲ್ ಬೇಗ ಬೇಕು ಅನ್ನೋದು ಉದ್ದೇಶ. ಆದರೆ ಎಷ್ಟು ನೀರು ಎತ್ತುತ್ತೀರಿ, ಕೊಳೆ ನೀರು ಎಲ್ಲಿ ಬಿಡುತ್ತೀರಿ ಅಂತ ಊರಿನವರು ಎದ್ದು ನಿಂತು ಕೇಳುವ ಒಂದೇ ಒಂದು ದಿನವೂ ಅಲ್ಲಿಗೆ ಹೋಯಿತು.

ಹಾಗಾಗಿ ನನಗೆ ಈಗ ಕಾಣೋದು ಇಷ್ಟು. ಹೊಂಗೆಗೆ ಸಸಿ ಕೊಡೋಕೆ ಜನ ಇದ್ದರು, ಕೊಳ್ಳೋಕೆ ಇರಲಿಲ್ಲ. ಜೋಳಕ್ಕೆ ಕೊಳ್ಳೋಕೆ ಜನ ಇದ್ದಾರೆ, ಬೆಳೆದವನ ಮಾತು ಕೇಳೋಕೆ ಇಲ್ಲ. ಎರಡೂ ಕಡೆ ರೈತನನ್ನು ಎಣಿಸಿದ್ದಾರೆ, ಲೆಕ್ಕದ ಪುಸ್ತಕ ಅವನ ಕೈಗೆ ಕೊಟ್ಟಿಲ್ಲ. ಇಂಧನ ಹಸಿರೋ ಅಲ್ಲವೋ ಅನ್ನೋದು ಬರೀ ಗಿಡದಿಂದ ತೀರ್ಮಾನ ಆಗಲ್ಲ. ಅಳೆಯೋರು ಯಾರು, ಬೆಲೆ ಬರೆಯೋರು ಯಾರು, ಹತ್ತನೇ ವರ್ಷಕ್ಕೂ ಬಾಗಿಲು ತೆಗೆದಿರೋರು ಯಾರು ಅನ್ನೋದರಿಂದ ಆಗುತ್ತೆ. ಡೇರಿ ಉಳಿದಿರುವುದೂ ಆ ಚೀಟಿ, ಆ ಬಟವಾಡೆಯಿಂದಲೇ.

ನನ್ನ ತಪ್ಪು ಏನು ಅಂದರೆ, ಈ ಪ್ರಶ್ನೆಯನ್ನು ಕೇಳೋದೇ ನನ್ನ ಕೆಲಸವಾಗಿತ್ತು. ನಾನು ಕೇಳಲಿಲ್ಲ. ವೇದಿಕೆ ಮೇಲೆ ಹೇಳಿದ್ದನ್ನು ಕೆಳಗಿಳಿಸಿ ಬರೆದೆ. ಸುದ್ದಿಯ ಕೊನೆಯಲ್ಲಿ 'ಐದು ವರ್ಷದ ನಂತರ ಈ ಬೀಜ ಕೊಳ್ಳುವವರು ಯಾರು?' ಅಂತ ಒಂದೇ ಒಂದು ಸಾಲು ಸೇರಿಸಿದ್ದರೆ ದೊಡ್ಡಪ್ಪ ಬಹುಶಃ ಐವತ್ತರ ಬದಲು ಹತ್ತು ಸಸಿ ನೆಡುತ್ತಿದ್ದರು.

ಇದನ್ನು ಅವತ್ತು ಅವರಿಗೆ ಹೇಳಿದೆ. ಅವರು ಬೀಡಿ ಹಚ್ಚಿ ನಕ್ಕರು. "ನೀನ್ ಹೇಳಿದ್ದಕ್ಕೆ ಮಾತ್ರ ನೆಟ್ಟೆ ಅಂದ್ಕಂಡಿದ್ದೀಯಾ? ನಮ್ಮಪ್ಪನ ಕಾಲ್ದಲ್ಲಿ ಈ ಬದೂಲಿ ಹೊಂಗೆ ಇತ್ತು. ಕಡ್ದು ಮಾರಿದ್ದೆ ನಾನೇ. ನೀನ್ ಬರ್ದಿದ್ದು ಒಂದ್ ನೆಪ ಆಯ್ತು."

ಆಮೇಲೆ ಮೂವರೂ ಕೂತು ಬೇರೆ ಲೆಕ್ಕ ಹಾಕಿದೆವು. ಈ ಸಲ ನಿಜವಾದ ಲೆಕ್ಕ. ಮರಕ್ಕೆ ಹತ್ತು ಕೆ.ಜಿ. ಅಂದರೂ ಮೂರು ಕ್ವಿಂಟಲ್ ಬೀಜ. ಸಂತೆಯವನು ಕೊಡೋದು ಕೆ.ಜಿ.ಗೆ ಇಪ್ಪತ್ತು, ಆರು ಸಾವಿರ. ಕೂಲಿ ಕಳೆದರೆ ಕೈಯಲ್ಲಿ ಏನೂ ಉಳಿಯಲ್ಲ. ಆದರೆ ಮಾರದೆ ಗಾಣಕ್ಕೆ ಹಾಕಿಸಿದರೆ? ನಾಲ್ಕು ಕೆ.ಜಿ. ಬೀಜಕ್ಕೆ ಸುಮಾರು ಒಂದು ಲೀಟರ್ ಎಣ್ಣೆ, ಅಂದರೆ ಎಪ್ಪತ್ತೈದು ಲೀಟರ್. ಜೊತೆಗೆ ಎರಡು ಕ್ವಿಂಟಲಿಗಿಂತ ಹೆಚ್ಚು ಹಿಂಡಿ. ದೊಡ್ಡಪ್ಪನಿಗೆ ಅರವತ್ತು ತೆಂಗಿನ ಮರ ಇವೆ. ಪ್ರತಿ ವರ್ಷ ದುಡ್ಡು ಕೊಟ್ಟು ಹಿಂಡಿ ತರುತ್ತಾರೆ. ಅದೇ ಹಿಂಡಿ ತಮ್ಮ ಬದುವಿನ ಮೇಲೆ ನೇತಾಡುತ್ತಿದೆ ಅನ್ನೋದನ್ನು ಇಷ್ಟು ವರ್ಷ ನಾವ್ಯಾರೂ ಕೂತು ನೋಡಿರಲಿಲ್ಲ. ಎಣ್ಣೆಯನ್ನು ಸೋಪಿನ ನೀರಲ್ಲಿ ಕಲಸಿ ಗಿಡಕ್ಕೆ ಹೊಡೆಯಬಹುದು, ಉಳಿದದ್ದು ಮಾರಬಹುದು. ಡೀಸೆಲ್ ಮಾಡಬೇಕು ಅಂದರೆ ಮೆಥನಾಲ್ ಬೇಕು, ಕಾಸ್ಟಿಕ್ ಬೇಕು, ಕೆಳಗೆ ಕೂರುವ ಗ್ಲಿಸರಿನ್ ಬೇರೆ ಮಾಡಬೇಕು. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಬೆಂಕಿಯ ಅಪಾಯ ಇದೆ. ಹಸಿ ಎಣ್ಣೆಯನ್ನೇ ಟ್ರ್ಯಾಕ್ಟರ್‌ಗೆ ಸುರಿಯಬೇಡಿ, ಗಟ್ಟಿ ಎಣ್ಣೆ ಅದು, ನಳಿಕೆ ಕಟ್ಟಿಕೊಳ್ಳುತ್ತೆ.

ಇದು ದೇಶದ ಇಂಧನ ಸಮಸ್ಯೆಗೆ ಪರಿಹಾರ ಅಲ್ಲ. ಒಂದು ಮನೆಯ ಹಿಂಡಿಯ ಖರ್ಚು ಉಳಿಸುವ ದಾರಿ ಅಷ್ಟೆ. ಆದರೆ ಈ ಲೆಕ್ಕದ ಪುಸ್ತಕ ಅವರ ಮನೆಯಲ್ಲೇ ಇರುತ್ತೆ.

ತಮ್ಮ ಪೂರ್ತಿ ಒಪ್ಪಲಿಲ್ಲ. ಪೂರ್ವದ ಬದುವಿನ ಒಂಬತ್ತು ಮರ ಹೋದವು. ಗರಗಸದ ಸದ್ದು ನಿಂತ ಮೇಲೆ ದೊಡ್ಡಮ್ಮ ಕೆಳಗೆ ಬಿದ್ದ ಕಾಯಿಯನ್ನು ಮಡಿಲಿಗೆ ಆರಿಸಿಕೊಂಡರು. ಇಪ್ಪತ್ತೆರಡು ಮರ ಉಳಿದಿವೆ, ಈ ಸಲದ ಕಾಯಿ ಗಾಣಕ್ಕೆ ಹೋಗುತ್ತೆ.

ಮುಂದಿನ ಗ್ರಾಮಸಭೆಯಲ್ಲಿ ನಾವು ಇಬ್ಬರೂ ಕೇಳಬೇಕು ಅಂತ ಮಾತಾಡಿಕೊಂಡಿದ್ದೇವೆ. ನಮ್ಮ ಪಂಚಾಯ್ತಿ ಜಾಗದಲ್ಲಿ, ಕೆರೆ ಏರಿ ಮೇಲೆ ಎಷ್ಟು ಹೊಂಗೆ ಇದೆ, ಅದರ ಬೀಜ ಯಾರಿಗೆ ಹೋಗುತ್ತೆ, ಎಷ್ಟಕ್ಕೆ ಹೋಗುತ್ತೆ, ಹರಾಜು ಆಗುತ್ತಾ? ನಿಮ್ಮೂರಲ್ಲೂ ಕೇಳಿ. ಜೋಳ ಬೆಳೆಯೋರು ನಿಮ್ಮ ಜೋಳ ಯಾವ ಮಂಡಿಯಿಂದ ಯಾವ ಫ್ಯಾಕ್ಟರಿಗೆ, ಎಷ್ಟಕ್ಕೆ ಹೋಯಿತು ಅಂತ ಕೇಳಿ. ಉತ್ತರ ಬಂದರೆ ನಮಗೂ ತಿಳಿಸಿ. ಬರದಿದ್ದರೂ ತಿಳಿಸಿ, ಅದೂ ಸುದ್ದಿಯೇ.

ಹೊರಡುವಾಗ ದೊಡ್ಡಪ್ಪ ಬೈಕಿನ ತನಕ ಬಂದರು. "ಇದ್ನೂ ಪೇಪರ್‌ಗೆ ಹಾಕ್ತೀಯಾ?"

"ಹಾಕ್ತೀನಿ ದೊಡ್ಡಪ್ಪ."

"ಹಾಕು. ಈ ಸಲ ಗಾಣದ ಬಾಡಿಗೆ ಎಷ್ಟು ಅಂತಾನೂ ಬರಿ. ಹೋದ್ ಸಲ ಅದನ್ನೇ ಬಿಟ್ಟಿದ್ದೆ."